ಕೀನ್ಯಾದ ಹಳ್ಳಿಗಳಲ್ಲಿ ಮಳೆ ಕೈಕೊಟ್ಟರೆ ಮಕ್ಕಳು ಶಾಲೆ ಬಿಡ್ತಾರಾ?

ಪೂರ್ತಿ ಬಿಡುವವರು ಕಡಿಮೆ. ನಡುನಡುವೆ ತಪ್ಪಿಸುವವರೇ ಜಾಸ್ತಿ. ಮಚಾಕೋಸ್ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಹಾಗಾಗಿ ನಾನು ಕಂಡ ಕಂಬಾ ಜನರ ಸೀಮೆಯ ವಿಷಯ ಹೇಳುತ್ತೇನೆ.

ಅಲ್ಲಿ ವರ್ಷಕ್ಕೆ ಎರಡು ಮಳೆಗಾಲ. ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಚಿಕ್ಕ ಮಳೆ. ಚಿಕ್ಕದು ಅಂತ ಹೆಸರೇ ಹೊರತು, ಆ ಕಡೆಯ ರೈತರು ಹೆಚ್ಚು ನಂಬುವುದು ಅದನ್ನೇ. ಅದಕ್ಕೆ ಮೆಕ್ಕೆಜೋಳ, ಬೀನ್ಸ್, ಜೊತೆಗೆ ತೊಗರಿ ಬಿತ್ತುತ್ತಾರೆ. ಹೌದು, ನಮ್ಮ ಕಲಬುರಗಿಯದೇ ತೊಗರಿ! ಹಸಿ ಕಾಳು ಬಿಡಿಸಿ ಬೇಯಿಸಿ ತಿನ್ನುವುದು ಅವರಿಗೆ ಬಲು ಇಷ್ಟ.

ಕಷ್ಟ ಇರುವುದು ಜನವರಿಯಲ್ಲಿ. ಹೊಸ ತರಗತಿ ಶುರುವಾಗುವುದು ಆಗ, ಮೆಕ್ಕೆಜೋಳ ಮನೆಗೆ ಬರುವುದು ಫೆಬ್ರವರಿ ಹೊತ್ತಿಗೆ. 2003ರಿಂದ ಪ್ರೈಮರಿ ಶಾಲೆಗೆ ಫೀಸಿಲ್ಲ. 2008ರಿಂದ ಹೈಸ್ಕೂಲಿನ ಬೋಧನಾ ಶುಲ್ಕವನ್ನೂ ಸರ್ಕಾರವೇ ಕೊಡುತ್ತಿದೆ. ಆದರೆ ಯೂನಿಫಾರಂ, ಶೂ, ಹಾಸ್ಟೆಲ್ ಖರ್ಚು ಅಪ್ಪ ಅಮ್ಮನದೇ. ಕೈಯಲ್ಲಿ ಕಾಸಿಲ್ಲದಾಗ ಮೇಕೆ ಮಾರುತ್ತಾರೆ. ಎಲ್ಲರೂ ಒಂದೇ ಸಲ ಸಂತೆಗೆ ಹೊಡೆದುಕೊಂಡು ಬಂದರೆ ಒಳ್ಳೆ ರೇಟು ಎಲ್ಲಿ ಸಿಗುತ್ತದೆ, ಅಲ್ವಾ? ಹಾಸ್ಟೆಲ್ ಫೀಸು ಬಾಕಿ ಅಂತ ಮನೆಗೆ ಕಳಿಸಿಬಿಟ್ಟ ಹುಡುಗರು ಜೋಳ ಮಾರಿದ ಮೇಲೆ ವಾಪಸ್ ಬರುತ್ತಿದ್ದರು. ಅಷ್ಟರಲ್ಲಿ ಬೀಜಗಣಿತದ ಮೊದಲ ಪಾಠಗಳು ಮುಗಿದಿರುತ್ತಿದ್ದವು. ಆ ಕೊರತೆ ವರ್ಷವಿಡೀ ಬಿಡುತ್ತಿರಲಿಲ್ಲ.

ಜೂನ್ ಆದಮೇಲೆ ನೀರಿನ ಚಿಂತೆ. ಹೊಳೆಗಳೆಲ್ಲ ಬರೀ ಮರಳು. ಹೆಣ್ಣುಮಕ್ಕಳು ಮರಳು ತೋಡಿ, ಗುಂಡಿಯಲ್ಲಿ ನೀರು ಊರುವವರೆಗೆ ಕಾದು, ಮಗ್ಗಿನಿಂದ ಒಂದೊಂದೇ ಸಲ ಮೊಗೆದು ಹಳದಿ ಕ್ಯಾನಿಗೆ ತುಂಬುತ್ತಾರೆ. ಬೆಳಗಿನ ಮೊದಲ ಪೀರಿಯಡ್ಡಿಗೆ ತಡವಾಗಿ ಬರುವವರಲ್ಲಿ ಹುಡುಗಿಯರೇ ಜಾಸ್ತಿ ಇದ್ದರು. ಅವರನ್ನು ಹೊರಗೆ ನಿಲ್ಲಿಸುವುದು ಅನ್ಯಾಯ ಅಂತ ನನಗೆ ಆಗಲೂ ಅನಿಸುತ್ತಿತ್ತು, ಈಗಲೂ ಅನಿಸುತ್ತದೆ.

ಇದಕ್ಕೆ ಊರಿನವರು ಸೇರಿ ಮಾಡಿಕೊಂಡ ಒಳ್ಳೆಯ ಉಪಾಯ ಮರಳು ಅಣೆಕಟ್ಟು. ಹೊಳೆಗೆ ಅಡ್ಡಲಾಗಿ ಗಟ್ಟಿ ಗೋಡೆ ಕಟ್ಟುತ್ತಾರೆ. ಮಳೆಯಲ್ಲಿ ಕೊಚ್ಚಿಬಂದ ಮರಳು ಅದರ ಹಿಂದೆ ತುಂಬಿಕೊಳ್ಳುತ್ತದೆ. ನೀರು ಮರಳಿನೊಳಗೆ ಅಡಗಿ ಕೂರುವುದರಿಂದ ಬಿಸಿಲಿಗೆ ಬೇಗ ಆರುವುದಿಲ್ಲ. ಇಂಥ ಕಟ್ಟೆ ಹತ್ತಿರ ಇದ್ದರೆ ನೀರಿಗೆ ಹೋಗಿಬರುವ ಹೊತ್ತು ಎಷ್ಟೋ ಉಳಿಯುತ್ತದೆ.

ಫೀಸಿನ ಬದಲು ಜೋಳ, ಬೀನ್ಸ್ ತೂಗಿ ತೆಗೆದುಕೊಳ್ಳುವ ಹೈಸ್ಕೂಲುಗಳೂ ಅಲ್ಲಿವೆ. ಹೇಗೂ ಹಾಸ್ಟೆಲ್ ಅಡಿಗೆಗೆ ಅದೇ ಬೇಕು. ಕೊಯ್ಲು ಆಗುವವರೆಗೆ ಫೀಸಿಗೆ ಕಾಯುವುದನ್ನು ಎಲ್ಲ ಶಾಲೆಗಳೂ ರೂಢಿ ಮಾಡಿಕೊಂಡರೆ ಜನವರಿಯಲ್ಲಿ ಅಷ್ಟು ಬೆಂಚು ಖಾಲಿ ಇರುವುದಿಲ್ಲ.