ಒಳಗೆ ಕತ್ತಲೆ, ಕಿಟಕಿಯಲ್ಲಿ ಬೆಳಕು: ಚರ್ಚಿನ ಫೋಟೋ ಬಗ್ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ಕೆಲಸದ ಮೇಲೆ ಜರ್ಮನಿಯ ಕಲೋನ್‌ನಲ್ಲಿದ್ದೇನೆ. ಇಲ್ಲಿನ ದೊಡ್ಡ ಕೆಥೆಡ್ರಲ್ ಒಳಗೆ ಯಾವಾಗ ಫೋಟೋ ತೆಗೆದರೂ ಒಂದೇ ಕಥೆ. ಬಣ್ಣದ ಗಾಜು ಬೆಳ್ಳಗೆ ಸುಟ್ಟುಹೋಗುತ್ತದೆ, ಇಲ್ಲದಿದ್ದರೆ ಗಾಜು ಚೆನ್ನಾಗಿ ಬಂದು ಉಳಿದದ್ದೆಲ್ಲ ಕಪ್ಪು. ನನ್ನದು ಮಿರರ್‌ಲೆಸ್ ಕ್ಯಾಮೆರಾ, ಜೊತೆಗೆ ಬಂದ ಕಿಟ್ ಲೆನ್ಸ್. ಕ್ಯಾಮೆರಾ ಬದಲಾಯಿಸಬೇಕಾ?
— ಓದುಗರೊಬ್ಬರು, ಕಲೋನ್

ಉತ್ತರ: ಬೇಡ, ದುಡ್ಡು ಉಳಿಸಿಕೊಳ್ಳಿ. ನಿಮ್ಮ ಕ್ಯಾಮೆರಾದಲ್ಲಿ ದೋಷವೇನೂ ಇಲ್ಲ. ಫೋಟೋದಲ್ಲಿ ಬೆಳಕಿನ ಅಂತರ ಅಳೆಯುವುದು ಸ್ಟಾಪ್ ಲೆಕ್ಕದಲ್ಲಿ. ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು, ಹತ್ತು ಸ್ಟಾಪ್ ಅಂದರೆ 1024 ಪಟ್ಟು. ಬಿಸಿಲು ಬಿದ್ದ ಕಿಟಕಿಗೂ ಕಂಬದ ಹಿಂದಿನ ಮೂಲೆಗೂ ಅದಕ್ಕಿಂತ ಜಾಸ್ತಿ ಅಂತರ ಇರಬಹುದು. ಅಷ್ಟನ್ನೂ ಒಂದು ಜೆಪೆಗ್ ಫೈಲಿನಲ್ಲಿ ಹಿಡಿಯಲು ಆಗುವುದಿಲ್ಲ. ಹಾಗಾಗಿ ಯಾವುದನ್ನು ಉಳಿಸಬೇಕು ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ. ನಾನಂತೂ ಗಾಜನ್ನೇ ಉಳಿಸಿ ಅನ್ನುತ್ತೇನೆ. ಕಪ್ಪಾದ ಕಲ್ಲನ್ನು ಆಮೇಲೆ ಕಂಪ್ಯೂಟರಿನಲ್ಲಿ ಸ್ವಲ್ಪ ಮೇಲೆತ್ತಬಹುದು, ಬಿಳಿಯಾಗಿ ಸುಟ್ಟುಹೋದ ಗಾಜಿನಲ್ಲಿ ಎತ್ತಲು ಏನೂ ಉಳಿದಿರುವುದಿಲ್ಲ.

ಕ್ಯಾಮೆರಾ ಹಿಡಿದ ಬೆಳಕನ್ನು ತಿದ್ದದೆ ಹಾಗೇ ಉಳಿಸುವ ರಾ ಫೈಲಿನಲ್ಲೇ ತೆಗೆಯಿರಿ, ಇದರಲ್ಲಿ ರಾಜಿ ಬೇಡ. ಸುಟ್ಟುಹೋದ ಜಾಗ ಪರದೆ ಮೇಲೆ ಮಿಣಮಿಣ ಅನ್ನುವಂತೆ ಹೈಲೈಟ್ ವಾರ್ನಿಂಗ್ ಆನ್ ಮಾಡಿ, ಫೋಟೋದ ಬೆಳಕು ಏರಿಸಿ ಇಳಿಸುವ ಎಕ್ಸ್‌ಪೋಶರ್ ಕಾಂಪೆನ್ಸೇಷನ್ನನ್ನು ಮೈನಸ್ ಎರಡಕ್ಕೆ ಇಳಿಸಿ ಒಂದು ಫೋಟೋ ತೆಗೆದು ನೋಡಿ. ಕಿಟಕಿಯಲ್ಲಿ ಇನ್ನೂ ಮಿಣಮಿಣ ಅನ್ನುತ್ತಿದ್ದರೆ ಇನ್ನಷ್ಟು ಇಳಿಸಿ. ಸುತ್ತಲಿನ ಕತ್ತಲೆ ನೋಡಿ ಕ್ಯಾಮೆರಾ ತಾನಾಗಿ ಬೆಳಕು ಏರಿಸುತ್ತದೆ, ಅದರ ಮಾತು ಕೇಳಬೇಡಿ.

ಇನ್ನೊಂದು ವಿಷಯವನ್ನು ತುಂಬಾ ಜನ ಗಮನಿಸುವುದೇ ಇಲ್ಲ. ನೀಲಿ ಗಾಜು. ಫೋಟೋದಲ್ಲಿ ಬೆಳಕು ಎಷ್ಟೆಷ್ಟಿದೆ ಅಂತ ಪರದೆ ಮೇಲೆ ಗ್ರಾಫ್ ಆಗಿ ತೋರಿಸುವ ಮಾಮೂಲಿ ಬಿಳಿ ಹಿಸ್ಟೋಗ್ರಾಮ್‌ ಹಸಿರಿಗೆ ಜಾಸ್ತಿ ಬೆಲೆ ಕೊಡುತ್ತದೆ, ನೀಲಿಗೆ ತೀರಾ ಕಡಿಮೆ. ಅದಕ್ಕೇ ಗ್ರಾಫ್ ನೋಡಿದರೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ, ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಗಾಜಿನ ಮೇಲೆ ಕಲಾವಿದ ಕುಂಚದಲ್ಲಿ ಎಳೆದ ಬಟ್ಟೆಯ ಮಡಿಕೆ, ಮುಖದ ಗೆರೆ ಎಲ್ಲ ಮಾಯವಾಗಿ ಬರೀ ನೀಲಿ ತೇಪೆ ಉಳಿದಿರುತ್ತದೆ. ಕೆಂಪು, ನೀಲಿ, ಹಸಿರು ಮೂರನ್ನೂ ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಮ್ ನಿಮ್ಮ ಕ್ಯಾಮೆರಾದಲ್ಲೂ ಇರುತ್ತದೆ, ಮೆನುವಿನಲ್ಲಿ ಹುಡುಕಿ. ಮೂರರಲ್ಲಿ ಯಾವುದೂ ಗ್ರಾಫಿನ ಬಲಗಡೆಯ ಗೋಡೆಗೆ ತಾಗಬಾರದು, ತಾಗಿದರೆ ಆ ಬಣ್ಣ ಸುಟ್ಟುಹೋಗಿದೆ ಅಂತ ಅರ್ಥ. ಬಣ್ಣದ ಛಾಯೆ ಸರಿಮಾಡುವ ವೈಟ್ ಬ್ಯಾಲೆನ್ಸ್ ಡೇಲೈಟ್‌ನಲ್ಲೇ ಇರಲಿ. ಆಟೋದಲ್ಲಿಟ್ಟರೆ ಅದು ಗಾಜಿನ ಬಣ್ಣವನ್ನೇ ತಪ್ಪು ಅಂದುಕೊಂಡು ತಿದ್ದಲು ಹೋಗುತ್ತದೆ.

ಹೋಗುವ ಹೊತ್ತೂ ಮುಖ್ಯ. ಮೋಡ ಕವಿದ ದಿನ ಹೋಗಿ. ಆಕಾಶವೆಲ್ಲ ಒಂದೇ ಸಮ ಬೆಳ್ಳಗಿರುವುದರಿಂದ ಕಿಟಕಿ ಮೇಲಿಂದ ಕೆಳಗಿನವರೆಗೆ ಒಂದೇ ಹದದಲ್ಲಿ ಬೆಳಗುತ್ತದೆ, ಕತ್ತಲೆಗೂ ಅದಕ್ಕೂ ಅಂತರ ಕಡಿಮೆಯಾಗುತ್ತದೆ. ಚಳಿಗಾಲದ ಕಲೋನ್‌ನಲ್ಲಿ ಮೋಡಕ್ಕೇನು ಬರ ಇಲ್ಲ ಅಲ್ವಾ?

ಒಂದು ಕಿಟಕಿಗೆ ಮಾತ್ರ ಬಿಸಿಲೇ ಬೇಕು. ಜರ್ಮನ್ ಚಿತ್ರಕಲಾವಿದ ಗೆರ್ಹಾರ್ಡ್ ರಿಕ್ಟರ್ ಮಾಡಿದ, 2007ರಲ್ಲಿ ದಕ್ಷಿಣ ಬದಿಗೆ ಕೂರಿಸಿದ ಆ ದೊಡ್ಡ ಕಿಟಕಿ ನೀವು ನೋಡಿರುತ್ತೀರಿ. 72 ಬಣ್ಣ, 11,000ಕ್ಕೂ ಹೆಚ್ಚು ಗಾಜಿನ ಚೌಕಗಳು, ಒಬ್ಬ ಸಂತನ ಚಿತ್ರವೂ ಇಲ್ಲ. ಬಿಸಿಲಿರುವ ದಿನ ನಡುಮಧ್ಯಾಹ್ನ ಅಲ್ಲಿಗೆ ಹೋಗಿ, ಕಿಟಕಿಗೆ ಬೆನ್ನು ಹಾಕಿ ನಿಲ್ಲಿ. ಬಣ್ಣವೆಲ್ಲ ನೆಲದ ಮೇಲೆ, ಕಂಬದ ಮೇಲೆ ಚೆಲ್ಲಿರುತ್ತದೆ. ಆ ಬೂದು ಕಲ್ಲಿನ ಒರಟು ಮೈ ಮೇಲೆ ಹಳದಿ, ನೇರಳೆ, ಹಸಿರು ಒಂದರೊಳಗೊಂದು ಕರಗಿರುವುದನ್ನು ಹತ್ತಿರ ಹೋಗಿ ತೆಗೆಯಿರಿ. ಕಲ್ಲಿನ ಮೇಲೆ ಬಿದ್ದ ಬೆಳಕಿಗೂ ಪಕ್ಕದ ನೆರಳಿಗೂ ಅಂತರ ಅಷ್ಟೊಂದಿಲ್ಲ, ಕಿಟ್ ಲೆನ್ಸ್ ಧಾರಾಳ ಸಾಕು. ನನ್ನ ಪ್ರಕಾರ ಇಡೀ ಚರ್ಚಿನಲ್ಲಿ ಸಿಗುವ ಅತಿ ಚೆಂದದ ಫೋಟೋ ಅದೇ, ಎಲ್ಲರೂ ತಲೆ ಮೇಲೆತ್ತಿ ನಿಂತಿರುವುದರಿಂದ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಗಾಜು, ಕಲ್ಲು ಎರಡೂ ಬೇಕೇ ಬೇಕು ಅಂದರೆ ಬ್ರಾಕೆಟಿಂಗ್ ಮಾಡಿ. ಅಂದರೆ ಎರಡೆರಡು ಸ್ಟಾಪ್ ಅಂತರದಲ್ಲಿ ಅದೇ ದೃಶ್ಯದ ಮೂರು ಫ್ರೇಮ್ ತೆಗೆದು, ಆಮೇಲೆ ಜೋಡಿಸುವುದು. ಟ್ರೈಪಾಡ್ ಬಿಡಿಸಿ ದಾರಿಗೆ ಅಡ್ಡ ನಿಲ್ಲಬೇಡಿ. ಕ್ಯಾಮೆರಾವನ್ನು ಬೆಂಚಿನ ಬೆನ್ನ ಮೇಲೆ ಇಟ್ಟು ಎರಡು ಸೆಕೆಂಡಿನ ಟೈಮರ್ ಹಾಕಿದರೆ ಕೆಲಸ ಆಗುತ್ತದೆ. ಆದರೆ ಜೋಡಿಸುವಾಗ ಕೈ ಹಿಡಿತ ಇರಲಿ. ಮೂಲೆ ಮೂಲೆಗೂ ಬೆಳಕು ತುಂಬಿಸಿದರೆ ಚರ್ಚು ಟ್ಯೂಬ್‌ಲೈಟ್ ಹಾಕಿದ ಕಲ್ಯಾಣ ಮಂಟಪದ ಹಾಗೆ ಕಾಣುತ್ತದೆ. ಸುತ್ತ ಕತ್ತಲೆ ಇದ್ದರೇನೇ ಬಣ್ಣದ ಗಾಜು ಹೊಳೆಯುವುದು. ಸ್ವಲ್ಪ ಕಪ್ಪು ಉಳಿಯಲಿ ಬಿಡಿ.

ಪ್ರಶ್ನೆ: ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಕಿಟಕಿಗಳನ್ನು ಮೊಬೈಲಿನಲ್ಲಿ ತೆಗೆಯಬಹುದಾ?
— ಓದುಗರೊಬ್ಬರು, ಮಂಡ್ಯ

ಉತ್ತರ: ಅಲ್ಲಿ ಒಳಗೆ ಫೋಟೋ ತೆಗೆಯಲು ಬಿಡುವುದಿಲ್ಲ, ಕದ್ದು ತೆಗೆಯುವುದು ಬೇಡವೇ ಬೇಡ. ಸುಮ್ನೆ ಕೂತು ಕಣ್ತುಂಬ ನೋಡಿ ಬನ್ನಿ. ಹೊರಗಿನಿಂದ ಬೇಕಾದಷ್ಟು ತೆಗೆಯಬಹುದು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಈ ಚರ್ಚಿನ ಜೋಡಿ ಗೋಪುರಕ್ಕೆ ಮೇಲಿನ ಪ್ರಶ್ನೆಯಲ್ಲಿ ಬಂದ ಅದೇ ಕಲೋನ್ ಕೆಥೆಡ್ರಲ್ ಮಾದರಿ ಅನ್ನುತ್ತಾರೆ. ಹಗಲಲ್ಲಿ ಹೊರಗಿಂದ ನೋಡಿದರೆ ಬಣ್ಣದ ಗಾಜು ಬರೀ ಕಪ್ಪಗೆ ಕಾಣುತ್ತದೆ. ಹೊತ್ತು ಮುಳುಗಿದ ಮೇಲೆ ಒಳಗೆ ದೀಪ ಹಾಕಿದ್ದರೆ ಬಣ್ಣ ಹೊರಗಡೆಗೆ ಕಾಣುತ್ತದೆ, ಆಕಾಶದಲ್ಲಿ ಇನ್ನೂ ಸ್ವಲ್ಪ ನೀಲಿ ಇರುವಾಗಲೇ ತೆಗೆದುಬಿಡಿ.

ಅನುಮತಿ ಇರುವ ಬೇರೆ ಚರ್ಚುಗಳಲ್ಲಿ, ಪರದೆ ಮೇಲೆ ಗಾಜಿನ ಜಾಗವನ್ನು ಒತ್ತಿ ಹಿಡಿದು ಲಾಕ್ ಮಾಡಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆಯಿರಿ. ತುಂಬಾ ಅಗಲಕ್ಕೆ ತೋರಿಸುವ ಅಲ್ಟ್ರಾವೈಡ್ ಲೆನ್ಸ್ ಬೇಡ, ಕತ್ತಲೆಯಲ್ಲಿ ಅದು ಕಾಳುಕಾಳಾಗಿ ಬರುತ್ತದೆ.

ಪ್ರಶ್ನೆ: ಗೆಳೆಯನ ಮದುವೆ ಚರ್ಚಿನಲ್ಲಿ. ಬಲಿಪೀಠದ ಹಿಂದೆಯೇ ಬಣ್ಣದ ಕಿಟಕಿ ಇದೆ. ಫ್ಲ್ಯಾಶ್ ಹಾಕಲಾ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಮೊದಲು ಫಾದರ್ ಹತ್ತಿರ ಕೇಳಿ. ಪೂಜೆಯ ನಡುವೆ ಫ್ಲ್ಯಾಶ್ ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಒಪ್ಪಿದರೂ, ಅಷ್ಟು ಎತ್ತರದ ಚಾವಣಿಗೆ ಹೊಡೆದು ಬೌನ್ಸ್ ಮಾಡಿದ ಬೆಳಕು ಕೆಳಗೆ ವಾಪಸ್ ಬರುವುದಿಲ್ಲ. ಕಿಟಕಿಗೇ ಹೊಡೆದರೆ ಅದಕ್ಕೆ ಉಪಯೋಗವಿಲ್ಲ, ಗಾಜಿನ ಬಣ್ಣ ಹೊಳೆಯಬೇಕಾದರೆ ಬೆಳಕು ಹಿಂದಿನಿಂದ ಬರಬೇಕು.

ಮದುವೆಯಲ್ಲಿ ನನ್ನ ಲೆಕ್ಕ ಉಲ್ಟಾ. ಇಲ್ಲಿ ಮುಖ ಮೊದಲು, ಕಿಟಕಿ ಆಮೇಲೆ. ಉಂಗುರ ತೊಡಿಸುವ ಹೊತ್ತಿಗೆ ಒಂದು ಚಿಕ್ಕ ಜಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರ್ ಅನ್ನು ವಧೂವರರ ಮುಖಕ್ಕೆ ಇಟ್ಟುಬಿಡಿ, ಹಿಂದಿನ ಗಾಜು ಬೆಳ್ಳಗಾದರೆ ಆಗಲಿ. ಸ್ವಲ್ಪ ಪಕ್ಕಕ್ಕೆ ಸರಿದು ನಿಂತರೆ ಕಿಟಕಿಯೇ ಫ್ರೇಮಿನಿಂದ ಹೊರಗುಳಿಯುತ್ತದೆ, ಅದು ಇನ್ನೂ ವಾಸಿ. ಎಲ್ಲ ಮುಗಿದ ಮೇಲೆ ಇಬ್ಬರನ್ನೂ ಒಂದು ನಿಮಿಷ ಪಕ್ಕದ ಕಿಟಕಿ ಹತ್ತಿರ ಕರೆದುಕೊಂಡು ಹೋಗಿ, ಬೆಳಕು ಮುಖದ ಒಂದು ಬದಿಗೆ ಬೀಳುವಂತೆ ನಿಲ್ಲಿಸಿ. ನೆಂಟರು ಊಟಕ್ಕೆ ಹೊರಡುವ ಮುಂಚೆಯೇ ಇದನ್ನು ಮುಗಿಸಿಬಿಡಿ, ಆಮೇಲೆ ಅವರಿಬ್ಬರೂ ಕೈಗೆ ಸಿಗುವುದಿಲ್ಲ.