ರಿಬ್ಬಿನ ತೂತು ಕೂಡದಿದ್ದರೆ ಅರಕ್ಕೆ ಕೈಹಾಕಬೇಡಿ

ಪ್ರಶ್ನೆ: ಮನೆಯ ಶೆಡ್ಡಿನಲ್ಲಿ ಎರಡು ಸೀಟಿನ ಅಲ್ಯೂಮಿನಿಯಂ ಕಿಟ್ ವಿಮಾನ ಕಟ್ಟುತ್ತಿದ್ದೇನೆ. ರೆಕ್ಕೆಯ ರಿಬ್ಬಿಗೂ (ಒಳಗಿದ್ದು ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿ) ಮೇಲಿನ ತಗಡಿಗೂ ತೂತುಗಳು ಕೂಡುತ್ತಿಲ್ಲ. ಎರಡೂ ತುದಿಯಲ್ಲಿ ಸರಿಯಿದೆ, ನಡುವೆ ಒಂದೂವರೆ ಮಿಲಿಮೀಟರ್ ಪಕ್ಕಕ್ಕೆ ಹೋಗಿದೆ. ಅರದಿಂದ ತೂತು ಅಗಲ ಮಾಡಬಹುದೇ?
– ಓದುಗರು, ಕಾಪು

ಉತ್ತರ: ಖಂಡಿತ ಬೇಡ. ಅಗಲವಾದ ತೂತು ಮತ್ತೆ ಕಿರಿದಾಗುವುದಿಲ್ಲ. ನಿಮ್ಮ ತೂತುಗಳು ಬಹುಶಃ ಸರಿಯಾಗಿಯೇ ಇವೆ, ಬಾಗಿರುವುದು ರಿಬ್ಬು.

ತೂತು ಹೇಗೆ ತಪ್ಪಿದೆ ಎಂಬುದರಲ್ಲೇ ಕಾರಣ ಗೊತ್ತಾಗುತ್ತದೆ. ಎಲ್ಲ ತೂತುಗಳೂ ಒಂದೇ ದಿಕ್ಕಿಗೆ ಒಂದೇ ಅಳತೆಯಲ್ಲಿ ಸರಿದಿದ್ದರೆ ಎಡ-ಬಲ ರಿಬ್ಬು ಅದಲುಬದಲಾಗಿರಬಹುದು. ಭಾಗದ ಸಂಖ್ಯೆ ನೋಡಿ. ಒಂದು ತುದಿಯಿಂದ ಇನ್ನೊಂದಕ್ಕೆ ಹೋದಂತೆ ವ್ಯತ್ಯಾಸ ಹೆಚ್ಚುತ್ತಿದ್ದರೆ ಬಿಸಿಲನ್ನು ಅನುಮಾನಿಸಿ. ಅಲ್ಯೂಮಿನಿಯಂ ಒಂದು ಮೀಟರಿಗೆ, ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.023 ಮಿ.ಮೀ. ಹಿಗ್ಗುತ್ತದೆ. ಎರಡೂವರೆ ಮೀಟರ್ ತಗಡು ಜಗಲಿಯ ಬಿಸಿಲಲ್ಲಿ 20 ಡಿಗ್ರಿ ಹೆಚ್ಚು ಕಾದರೆ 1 ಮಿ.ಮೀ.ಗೂ ಮಿಕ್ಕಿ ಬೆಳೆದಿರುತ್ತದೆ. ಎರಡನ್ನೂ ಒಂದೇ ಕೋಣೆಯ ನೆರಳಲ್ಲಿ ರಾತ್ರಿಯಿಡೀ ಇಟ್ಟು, ಬೆಳಗ್ಗೆ ಜೋಡಿಸಿ ನೋಡಿ.

ನಿಮ್ಮಲ್ಲಿ ನಡುವೆ ಮಾತ್ರ ತಪ್ಪಿದೆ. ರಿಬ್ಬಿನ ಅಂಚನ್ನು ಡೊಂಕು ಗೆರೆಯಲ್ಲಿ ಮಡಚುವಾಗ ಆ ಪಟ್ಟಿಯಲ್ಲಿ ಲೋಹ ಹೆಚ್ಚಾಗಿ ಉಳಿಯುತ್ತದೆ. ಅದಕ್ಕೆ ಹೋಗಲು ಜಾಗವಿಲ್ಲ, ಹಾಗಾಗಿ ಇಡೀ ರಿಬ್ಬು ಬಾಳೆಕಾಯಿಯಂತೆ ಬಾಗುತ್ತದೆ. ಪರೀಕ್ಷೆ ಸುಲಭ: ಅಡುಗೆಕಟ್ಟೆಯ ಗ್ರಾನೈಟ್ ಮೇಲೆ ಮಲಗಿಸಿದರೆ ಅಲುಗಾಡುತ್ತದೆ. ತೂತಿನ ಸಾಲಿನ ಮೇಲೆ ದಾರ ಬಿಗಿಯಾಗಿ ಎಳೆದರೆ ನಡುವಿನ ತೂತುಗಳು ದಾರದಿಂದ ಆಚೆ ಕಾಣುತ್ತವೆ.

ಇದಕ್ಕೆ ಬೇಕಾದದ್ದು ಫ್ಲೂಟಿಂಗ್ ಪ್ಲೈಯರ್, ಅಂದರೆ ಮಡಚಿದ ಅಂಚಿನಲ್ಲಿ ಸಣ್ಣ ನೆರಿಗೆ ಒತ್ತಿ ಹೆಚ್ಚಾದ ಲೋಹವನ್ನು ಒಳಗೆಳೆಯುವ ಇಕ್ಕಳ. ಎರಡು ತೂತುಗಳ ನಟ್ಟನಡುವೆ ಹಿಡಿದು ಮೆಲ್ಲಗೆ ಅದುಮಿ. ನೆರಿಗೆ ಒಳಮುಖವಾಗಿರಬೇಕು, ಹೊರಗೆ ಉಬ್ಬಿದರೆ ತಗಡು ಕೂರುವುದಿಲ್ಲ. ಒಂದೇ ಕಡೆ ಆಳವಾಗಿ ಒತ್ತುವುದಕ್ಕಿಂತ ಎಲ್ಲ ಸಂದಿಗಳಲ್ಲೂ ತುಸುತುಸುವೇ ಒತ್ತುವುದು ಮೇಲು. ಪ್ರತಿ ಸುತ್ತಿಗೂ ದಾರ ಎಳೆದು ನೋಡಿ. ಹೆಚ್ಚಾದರೆ ತೂತುಗಳ ಅಂತರವೇ ಕುಗ್ಗುತ್ತದೆ, ಆಗ ನೆರಿಗೆಯನ್ನು ಸ್ವಲ್ಪ ಚಪ್ಪಟೆ ಮಾಡಿ. ಆಮೇಲೆ ಮಡಚಿದ ಅಂಚು 90 ಡಿಗ್ರಿಯಲ್ಲಿದೆಯೇ ಎಂದು ಟ್ರೈ ಸ್ಕ್ವೇರ್ ಇಟ್ಟು ನೋಡಿ. ನಕ್ಷೆಯಲ್ಲಿ ಬೇರೆ ಕೋನವಿದ್ದರೆ ಅದೇ ಲೆಕ್ಕ.

ಜೋಡಿಸುವಾಗ ಕ್ಲೆಕೊಗಳನ್ನು (ರಿವೆಟ್ ಹಾಕುವ ತನಕ ತೂತುಗಳನ್ನು ಕೂಡಿಸಿ ಹಿಡಿಯುವ ತಾತ್ಕಾಲಿಕ ಪಿನ್ನುಗಳು) ನಡುವಿನಿಂದ ತುದಿಗಳ ಕಡೆಗೆ, ಮೊದಲು ನಾಲ್ಕಕ್ಕೊಂದರಂತೆ ಹಾಕಿ. ಎಲ್ಲ ತೂತು ಕೂಡುವ ತನಕ ಒಂದು ರಿವೆಟ್ಟೂ ಬಡಿಯಬೇಡಿ. ಜಬರ್ದಸ್ತಿಯಿಂದ ಎಳೆದು ಕೂರಿಸಿದ ತಗಡು ಮುಂದೆ ಡಬ್ಬದ ಮುಚ್ಚಳದಂತೆ ಟಪ್ ಎಂದು ಒಳಹೊರಗೆ ಆಡುತ್ತದೆ.

ಕರಾವಳಿಯವರಿಗೆ ಇನ್ನೊಂದು ಮಾತು. ಗುರುತು ಹಾಕಲು ಪೆನ್ಸಿಲ್ ಬೇಡ. ಅದರ ಗ್ರಾಫೈಟ್‌ನಿಂದ ಅಲ್ಯೂಮಿನಿಯಂ ತಿನ್ನಿಸಿಕೊಳ್ಳುತ್ತದೆ, ಉಪ್ಪುಗಾಳಿ ಅದಕ್ಕೆ ಇನ್ನಷ್ಟು ನೆರವಾಗುತ್ತದೆ. ಸಪೂರ ಮಾರ್ಕರ್ ಬಳಸಿ.

ಪ್ರಶ್ನೆ: 2.4 ಮಿ.ಮೀ. ರಿವೆಟ್ಟಿನ ತೂತೊಂದು ಡ್ರಿಲ್ ಜಾರಿ ಮೊಟ್ಟೆಯಾಕಾರವಾಗಿದೆ. ಏನು ಮಾಡಲಿ?
– ಓದುಗರು, ಸುರತ್ಕಲ್

ಉತ್ತರ: ತೂತು ಎಲ್ಲಿದೆ ಎಂಬುದು ಮುಖ್ಯ. ಸ್ಪಾರಿನಲ್ಲಿದ್ದರೆ, ಅಂದರೆ ರೆಕ್ಕೆಯ ಉದ್ದಕ್ಕೂ ಭಾರ ಹೊರುವ ಮುಖ್ಯ ತೊಲೆಯಲ್ಲಿದ್ದರೆ, ಕೆಲಸ ನಿಲ್ಲಿಸಿ, ಸ್ಕೇಲ್ ಇಟ್ಟು ಫೋಟೊ ತೆಗೆದು ಕಿಟ್ ತಯಾರಕರಿಗೆ ಕಳಿಸಿ. ಅವರ ಲಿಖಿತ ಉತ್ತರ ಬರುವ ತನಕ ಅದನ್ನು ಮುಟ್ಟಬೇಡಿ.

ರಿಬ್ಬು ಅಥವಾ ತಗಡಿನಲ್ಲಿದ್ದರೆ, 30ನೇ ನಂಬರಿನ ಡ್ರಿಲ್ಲಿಗೆ, ಅಂದರೆ 3.26 ಮಿ.ಮೀ.ಗೆ ತೂತು ಪೂರ್ತಿ ದುಂಡಗಾಗುವುದಾದರೆ 3.2 ಮಿ.ಮೀ. ರಿವೆಟ್ ಸಾಮಾನ್ಯವಾಗಿ ಸಾಕು. ಆದರೆ ತೂತಿನ ನಡುವಿನಿಂದ ತಗಡಿನ ಅಂಚಿಗೆ ರಿವೆಟ್ಟಿನ ವ್ಯಾಸದ ಎರಡರಷ್ಟು, ಅಂದರೆ ಕನಿಷ್ಠ 6.4 ಮಿ.ಮೀ. ಉಳಿದಿರಲೇಬೇಕು. ತಲೆ ಮಟ್ಟಸವಾಗಿ ಕೂರಲು ಮೊದಲೇ ಗುಳಿ ಒತ್ತಿದ್ದರೆ ಎನ್‌ಎಎಸ್ 1097 ರಿವೆಟ್ ತರಿಸಿ. ಅದರ ಮೈ 3.2 ಇದ್ದರೂ ತಲೆ ಸಣ್ಣದು, ಹಳೆಯ ಗುಳಿಯಲ್ಲೇ ಕೂರುತ್ತದೆ. ಎಪಾಕ್ಸಿ ತುಂಬಿ ಮತ್ತೆ ತೂತು ಕೊರೆಯುವುದು ದುರಸ್ತಿಯಲ್ಲ, ಭಾರ ಹೊರುವ ಜಾಗದಲ್ಲಿ ಅದು ಅಪಾಯ.

ಯಾವ ತೂತು, ಯಾವ ರಿವೆಟ್, ಯಾವ ದಿನ ಎಂಬುದನ್ನು ಫೋಟೊ ಸಮೇತ ನಿರ್ಮಾಣದ ದಾಖಲೆ ಪುಸ್ತಕದಲ್ಲಿ ಬರೆದಿಡಿ. ತಗಡು ಮುಚ್ಚಿದ ಮೇಲೆ ಒಳಗಿನದು ಯಾರಿಗೂ ಕಾಣುವುದಿಲ್ಲ. ತಪಾಸಣೆಗೆ ಬಂದವರು ಆ ಪುಟವನ್ನೇ ಕೇಳುತ್ತಾರೆ.