ಮುಖದ ದೊಡ್ಡ ಗಾಯಕ್ಕೆ ಬರೀ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಹೊಲಿಗೆ ಹಾಕಬಹುದಾ?

ನಿಮ್ಮ ತಮ್ಮ ನಿನ್ನೆ ರಾತ್ರಿ ರಿಂಗ್ ರೋಡಲ್ಲಿ ಬೈಕಿಂದ ಬಿದ್ದು ಕೆನ್ನೆ, ಮೇಲ್ದುಟಿ ಸೀಳಿಕೊಂಡಿದ್ದಾನೆ. ಪೂರ್ತಿ ಮಲಗಿಸದೆ ಆ ಜಾಗಕ್ಕಷ್ಟೇ ಇಂಜೆಕ್ಷನ್ ಕೊಟ್ಟು ಹೊಲಿಗೆ ಹಾಕಿದ್ದಾರೆ, ತುಟಿ ಒಂದು ಕಡೆ ಜೋತು ಬಿದ್ದಿದೆ, ಇದು ಸರಿನಾ ಅಂತ ಕೇಳಿದ್ದೀರಿ. ನಾನು ಬೆಂಗಳೂರಲ್ಲೇ ಕ್ಯಾಶುಯಲ್ಟಿ ಡಾಕ್ಟರ್.

ಪದ್ಧತಿ ಸರಿಯಾಗೇ ಇದೆ. ಮುಖದ ಬಹುಪಾಲು ಗಾಯಗಳನ್ನು ಲಿಗ್ನೋಕೇನ್ ಅನ್ನೋ ಮರಗಟ್ಟಿಸುವ ಔಷಧಿ ಕೊಟ್ಟೇ ಹೊಲಿಯುತ್ತೇವೆ. ಆದರೆ ಸೂಜಿ ಚುಚ್ಚುವ ಮೊದಲು ಏನು ನೋಡಿದರು ಅನ್ನುವುದು ಮುಖ್ಯ. ಕೆನ್ನೆ ಸೀಳಿ ಬಂದವರಿಗೆ ನಾನು ಮೊದಲು ಹೇಳುವುದು: ಹುಬ್ಬು ಮೇಲೆತ್ತಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಹಲ್ಲು ತೋರಿಸಿ, ಕೆನ್ನೆ ಉಬ್ಬಿಸಿ. ಮುಖ ಅಲ್ಲಾಡಿಸುವ ನರ ಕತ್ತರಿಸಿದ್ದರೆ ಆಗಲೇ ಗೊತ್ತಾಗುತ್ತೆ. ಔಷಧಿ ಒಳಗೆ ಹೋದ ಮೇಲೆ ಆ ನರವೂ ಕೆಲವು ಗಂಟೆ ಮಲಗಿಬಿಡಬಹುದು, ಆಮೇಲೆ ತುಟಿ ಜೋತಿದ್ದು ಗಾಯದಿಂದಲೋ ಇಂಜೆಕ್ಷನ್ನಿಂದಲೋ ಹೇಳೋಕಾಗಲ್ಲ.

ತುಟಿಯದ್ದು ಇನ್ನೊಂದು ಪಜೀತಿ. ಕೆಂಪು ಭಾಗ ಚರ್ಮಕ್ಕೆ ಸೇರುವ ಗೆರೆ ಇದೆಯಲ್ಲ, ಅದು ಒಂದು ಮಿಲಿಮೀಟರ್ ಆಚೀಚೆ ಆದರೂ ಎದುರಿಗೆ ಕೂತವರಿಗೆ ಕಾಣುತ್ತೆ. ಗಾಯದ ಅಂಚಿಗೇ ಔಷಧಿ ತುಂಬಿದರೆ ತುಟಿ ಊದಿ ಗೆರೆ ಕಳೆದುಹೋಗುತ್ತೆ, ಜೊತೆಗೆ ರಕ್ತನಾಳ ಕುಗ್ಗಿಸುವ ಅಡ್ರಿನಲಿನ್ ಸೇರಿದ್ದರೆ ಬಿಳಿಚಿಕೊಳ್ಳುತ್ತೆ ಕೂಡ. ಅದಕ್ಕೇ ಮೊದಲೇ ಪೆನ್ನಿಂದ ಎರಡೂ ಕಡೆ ಚುಕ್ಕೆ ಇಟ್ಟುಕೊಂಡು, ಮೊದಲ ಹೊಲಿಗೆ ಅಲ್ಲೇ ಹಾಕುವುದು. ಕಣ್ಣಿನ ಕೆಳಗೆ ಮೂಳೆಯ ಸಣ್ಣ ತೂತಿನಿಂದ ಒಂದು ನರ ಹೊರಬರುತ್ತೆ. ಅದರ ಪಕ್ಕ ಸ್ವಲ್ಪವೇ ಔಷಧಿ ಕೊಟ್ಟರೆ ಆ ಬದಿಯ ಮೇಲ್ದುಟಿ ಪೂರ್ತಿ ಮರಗಟ್ಟುತ್ತೆ, ಆಕಾರವೂ ಕೆಡಲ್ಲ. ನನಗೆ ಇದೇ ಇಷ್ಟ.

ಇನ್ನು ಪ್ರಮಾಣ. ಅಡ್ರಿನಲಿನ್ ಇಲ್ಲದ ಲಿಗ್ನೋಕೇನ್ ಕೆಜಿಗೆ 4.5 ಮಿಲಿಗ್ರಾಂ ದಾಟಬಾರದು, ಇದ್ದರೆ 7. ಶೇ. 2ರ ಔಷಧಿಯಲ್ಲಿ ಒಂದು ಎಂಎಲ್‌ಗೆ 20 ಮಿಲಿಗ್ರಾಂ ಇರುತ್ತೆ. ಅಡ್ರಿನಲಿನ್ ಇಲ್ಲದ್ದಾದರೆ 60 ಕೆಜಿ ಆಸಾಮಿಗೆ ಸುಮಾರು 13 ಎಂಎಲ್, ಸಾಕಷ್ಟಾಯ್ತು. 12 ಕೆಜಿ ಮಗುವಿಗೆ? ಮೂರು ಎಂಎಲ್ ಕೂಡ ಇಲ್ಲ! ಸುಮ್ನೆ ಐದು ಎಂಎಲ್ ಸಿರಿಂಜ್ ತುಂಬಿಕೊಂಡು ಹೋದರೆ ಅಪಾಯ ಅಲ್ಲೇ. ಗಾಯ ದೊಡ್ಡದಾಗಿದ್ದರೆ ಸಲೈನ್ ಬೆರೆಸಿ ಶೇ. 1 ಮಾಡಿಕೊಳ್ಳುತ್ತೇವೆ, ಅದೂ ಸಾಲದಿದ್ದರೆ ಅಥವಾ ಮಗು ಒದ್ದಾಡುತ್ತಿದ್ದರೆ ಪೂರ್ತಿ ಮಲಗಿಸುವುದೇ ಮೇಲು.

ರಕ್ತನಾಳದೊಳಗೆ ಹೋಗದಿರಲಿ ಅಂತ ಪ್ರತಿ ಸಲ ಪಿಸ್ಟನ್ ಹಿಂದೆಳೆದು ನೋಡಿ, ನಿಧಾನವಾಗಿ ಕೊಡಬೇಕು. ಔಷಧಿ ಜಾಸ್ತಿಯಾದರೆ ಮೊದಲು ತುಟಿ ಜುಮ್ಮೆನ್ನುತ್ತೆ, ಆದರೆ ನಾವು ತುಟಿಯನ್ನೇ ಮರಗಟ್ಟಿಸಿರುತ್ತೇವಲ್ಲ! ಅದಕ್ಕೆ ಕಿವಿ ಗುಂಯ್ ಅನ್ನುತ್ತಾ, ಬಾಯಲ್ಲಿ ಕಬ್ಬಿಣದ ರುಚಿ ಬಂತಾ ಅಂತ ಮಾತಾಡಿಸುತ್ತಲೇ ಇರುತ್ತೇನೆ. ಹೌದು ಅಂದರೆ ತಕ್ಷಣ ನಿಲ್ಲಿಸುವುದು. ಮುಂದೆ ಫಿಟ್ಸ್ ಬರಬಹುದು, ಹೃದಯದ ಬಡಿತ ಕೆಡಬಹುದು, ಅದಕ್ಕೆ ಶೇ. 20ರ ಲಿಪಿಡ್ ಎಮಲ್ಷನ್ (ರಕ್ತನಾಳಕ್ಕೆ ಕೊಡುವ ಕೊಬ್ಬಿನ ದ್ರಾವಣ) ಕೈಗೆ ಸಿಗುವಂತಿರಬೇಕು.

ನಿಮ್ಮ ತಮ್ಮನ ವಿಷಯಕ್ಕೆ ಬಂದರೆ, ಹೊಲಿಗೆಯಾದ ಮೇಲೆ ಕೆಲವು ಗಂಟೆ ತುಟಿ ಜೋತಿದ್ದರೆ ಔಷಧಿಯದ್ದೇ ಇರಬಹುದು. ಆದರೆ ನಿನ್ನೆ ರಾತ್ರಿಯದ್ದು ಇವತ್ತು ಸಂಜೆಗೂ ಹಾಗೇ ಇದ್ದರೆ ಕಾಯಬೇಡಿ, ಇವತ್ತೇ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಕರಕೊಂಡು ಹೋಗಿ. ಕತ್ತರಿಸಿದ ನರವನ್ನು ಮೊದಲ ಮೂರು ದಿನದೊಳಗೆ ಹುಡುಕಿ ಸೇರಿಸುವುದು ಸುಲಭ. ಮರಗಟ್ಟಿದ್ದು ಬಿಡುವವರೆಗೆ ಬಿಸಿ ಕಾಫಿ ಕೊಡಬೇಡಿ, ತುಟಿ ಸುಟ್ಟರೂ ಅವನಿಗೆ ಗೊತ್ತಾಗಲ್ಲ.